ಟಿಪ್ಪುವಿನ ಕಟ್ಟಿ ಮುಗಿಯದ ಹಡಗುಗಳು

ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನತ್ತ ಸಾಗಿದರೆ, ಇನ್ನೊಂದು ಕುಣಿಗಲ್, ಹಾಸನ ದಾಟಿ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿನ ಸಮುದ್ರಕ್ಕೆ ಮುಟ್ಟುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸಮುದ್ರದೊಡನೆ ಇರುವ ನಂಟು ಈ ರಸ್ತೆಯಷ್ಟೇ ಎಂದು ಯಾರಿಗಾದರೂ ತೋರಬಹುದು. ಕೆರೆ, ರಾಗಿ ಹೊಲ, ದ್ರಾಕ್ಷಿ ತೋಟಗಳ ಈ ಬಯಲುಸೀಮೆಗೂ ಯುದ್ಧನೌಕೆಗೂ ಎಲ್ಲಿಯ ಸಂಬಂಧ? ಆದರೆ ಕನ್ನಡ ನಾಡಿನಲ್ಲಿ ಅತಿ ದೊಡ್ಡ ಹಡಗು ಕಟ್ಟುವ ಯೋಜನೆಯನ್ನು ಹಾಕಿದಾತ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ದೇವನಹಳ್ಳಿಯಲ್ಲಿ. ಆತ ಟಿಪ್ಪು ಸುಲ್ತಾನ.

ಟಿಪ್ಪುವಿನ ಹೆಸರೆತ್ತಿದೊಡನೆ ವಾದವಿವಾದಗಳು ಏಳುತ್ತವೆ. ಹುಲಿ, ಖಡ್ಗ, ರಾಕೆಟ್ಟು, ಮತಾಂತರ, ಜಯಂತಿ ಇತ್ಯಾದಿಗಳ ಸುತ್ತಲೇ ಮಾತು ಮುಗಿದುಹೋಗುತ್ತದೆ. ಆತನ ಬದುಕಿನುದ್ದಕ್ಕೂ ಹಿನ್ನೆಲೆಯಲ್ಲಿ ಮೊರೆಯುತ್ತಿದ್ದ ಸಮುದ್ರದ ಕಡೆಗೆ ಗಮನ ಹೋಗುವುದು ಕಡಿಮೆ. ಆತನ ಗೆಲುವುಗಳನ್ನೂ ಸೋಲುಗಳನ್ನೂ ಆ ದಡದಿಂದ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ದೇವನಹಳ್ಳಿ ಆವತಿ ನಾಡಪ್ರಭುಗಳ ಊರು. 1749ರಲ್ಲಿ ಮೈಸೂರಿನ ದಳವಾಯಿಗಳ ಸೈನ್ಯ ಆ ಕೋಟೆಗೆ ಮುತ್ತಿಗೆ ಹಾಕಿದಾಗ ತನ್ನ ಪರಾಕ್ರಮದಿಂದ ಒಡೆಯರ ಕಣ್ಣಿಗೆ ಬಿದ್ದವನು ಹೈದರ್ ಅಲಿ. ಮುಂದಿನ ಒಂದೆರಡು ವರ್ಷಗಳಲ್ಲೇ ಕೋಟೆಯ ಸಮೀಪ ಹೈದರನ ಪತ್ನಿ ಫಾತಿಮಾ ಫಕ್ರುನ್ನೀಸಾಳಿಗೆ ಗಂಡುಮಗು ಹುಟ್ಟಿತು. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರನ್ನೇ ಮಗುವಿಗಿಟ್ಟರು. ಹುಟ್ಟಿದ ಜಾಗದಲ್ಲಿ ಒಂದು ಸಣ್ಣ ಸ್ಮಾರಕವಿದೆ. ಬೆಂಗಳೂರಿನ ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ಅದರ ಅಕ್ಕಪಕ್ಕದ ರಸ್ತೆಗಳಲ್ಲಿ ಜನಸಂಚಾರ ಹೆಚ್ಚಿದೆ, ಸ್ಮಾರಕದ ಬಳಿ ನಿಲ್ಲುವವರು ಹೆಚ್ಚಿದಂತಿಲ್ಲ.

ಆ ಹೊತ್ತಿಗೇ, 1750ರಲ್ಲಿ, ಮುಂಬಯಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸೂರತ್ತಿನಿಂದ ಬಂದು ನೆಲೆಸಿದ್ದ ಪಾರ್ಸಿ ಬಡಗಿ ಲೌಜಿ ನಸರ್ವಾಂಜಿ ವಾಡಿಯಾನ ಉಸ್ತುವಾರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಣ ಹಡಗುಕಟ್ಟೆ ಸಿದ್ಧವಾಯಿತು. ನೀರನ್ನು ಹೊರಹಾಕಿ, ಹಡಗನ್ನು ಒಣಗಿದ ತಳದ ಮೇಲೆ ನಿಲ್ಲಿಸಿ ರಿಪೇರಿ ಮಾಡುವ ಅನುಕೂಲ ಅದರಿಂದ ಕಂಪನಿಗೆ ಒದಗಿತು. ಬಯಲುಸೀಮೆಯ ಮಗುವಿಗೂ ಮುಂಬಯಿಯ ಕಟ್ಟೆಗೂ ಇರುವ ನಂಟು ಬಯಲಾಗಲು ಅರ್ಧ ಶತಮಾನ ಹಿಡಿಯಿತು.

ಬಾಲ್ಯದಲ್ಲಿ ಟಿಪ್ಪು ಕಂಡದ್ದು ಸುಖಕ್ಕಿಂತ ಅನಿಶ್ಚಿತತೆಯನ್ನೇ. 1760ರಲ್ಲಿ ಖಂಡೇರಾವ್ ತಿರುಗಿಬಿದ್ದಾಗ ಹೈದರ್ ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ಬೆಂಗಳೂರಿಗೆ ಓಡಬೇಕಾಯಿತು; ಮಗನೂ ಸೇರಿದಂತೆ ಕುಟುಂಬ ಶತ್ರುವಿನ ಕೈಯಲ್ಲಿ ಉಳಿಯಿತು. ಮರುವರ್ಷ ಹೈದರ್ ಮತ್ತೆ ಮೇಲೆದ್ದು ಆಡಳಿತವನ್ನು ವಶಪಡಿಸಿಕೊಂಡ. 1763ರಲ್ಲಿ ಬಿದನೂರು ಬಿತ್ತು. ಕೆಳದಿಯ ರಾಣಿ ವೀರಮ್ಮಾಜಿ ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರಿನ ಖಜಾನೆಯ ವಿಚಾರವನ್ನು ಇತಿಹಾಸದ ಪುಸ್ತಕಗಳು ವರ್ಣಿಸುವುದುಂಟು. ಹಣಕ್ಕಿಂತ ಬೆಲೆಬಾಳುವ ಇನ್ನೊಂದು ಆಸ್ತಿ ಆ ವಿಜಯದಿಂದ ಮೈಸೂರಿಗೆ ದಕ್ಕಿತು: ಮಂಗಳೂರು, ಹೊನ್ನಾವರ ಮೊದಲಾದ ಬಂದರುಗಳು. ಒಳನಾಡಿನ ರಾಜ್ಯವೊಂದಕ್ಕೆ ಸಮುದ್ರದ ಬಾಗಿಲು ತೆರೆಯಿತು.

ಹೈದರ್ ಕೂಡಲೇ ನೌಕಾಪಡೆ ಕಟ್ಟಲು ತೊಡಗಿದ. ಕರಾವಳಿಗೆ ಹಡಗು ಕಟ್ಟುವುದು ಹೊಸದೇನಲ್ಲ. ಪಡಾವು, ಮಂಜಿಗಳನ್ನು ಕಟ್ಟುವ ಬಡಗಿಗಳು, ನಡೆಸುವ ಖಾರ್ವಿ, ಮೊಗವೀರ, ಮಾಪಿಳ್ಳೆ ನಾವಿಕರು ತಲೆತಲಾಂತರದಿಂದ ಅಲ್ಲಿದ್ದರು. ಘಟ್ಟದ ತೇಗ, ತೆಂಗಿನ ನಾರಿನ ಹಗ್ಗ, ಸೀಳುಗಳಿಗೆ ಮೆತ್ತುವ ರಾಳ, ಮೀನೆಣ್ಣೆ ಎಲ್ಲವೂ ಕೈಗೆಟಕುವಂತಿದ್ದವು. ಇರದಿದ್ದುದು ಒಂದೇ, ನೌಕಾಪಡೆಯನ್ನು ನೌಕಾಪಡೆಯಂತೆ ನಡೆಸುವ ಅಭ್ಯಾಸ. ಹೈದರ್ ತನ್ನ ಹಡಗುಗಳ ಮೇಲ್ವಿಚಾರಣೆಗೆ ಅಶ್ವದಳದ ಅಧಿಕಾರಿಯೊಬ್ಬನನ್ನು ನೇಮಿಸಿದ. ಕುದುರೆಯ ಮೇಲಿಂದ ಬಂದವನ ಆಜ್ಞೆ ಪಾಲಿಸಲು ಹಡಗಿನ ನಾಯಕರಿಗೆ ಮನಸ್ಸಾಗಲಿಲ್ಲ. 1768ರಲ್ಲಿ ಮುಂಬಯಿಯಿಂದ ಕಂಪನಿಯ ನೌಕೆಗಳು ಬಂದಾಗ ಅವರಲ್ಲಿ ಹಲವರು ಹಡಗುಗಳ ಸಮೇತ ಆ ಕಡೆಗೆ ಸೇರಿಕೊಂಡರು. ಮಂಗಳೂರು ಸುಲಭವಾಗಿ ಕೈಬಿಟ್ಟಿತು. ಅದನ್ನು ಕೆಲವೇ ತಿಂಗಳಲ್ಲಿ ಮರಳಿ ಗೆಲ್ಲಲು ಘಟ್ಟವಿಳಿದು ಹೋದ ಸೈನ್ಯದಲ್ಲಿ ಹದಿಹರೆಯದ ಟಿಪ್ಪುವೂ ಇದ್ದ. ಮಂಗಳೂರು ದಕ್ಕಿತು, ಹೋದ ಹಡಗುಗಳು ದಕ್ಕಲಿಲ್ಲ.

ಹೈದರ್ ಎದೆಗುಂದಲಿಲ್ಲ. ಮತ್ತೆ ಕಟ್ಟಿಸಿದ. 1770ರ ದಶಕದ ಕೊನೆಯಲ್ಲಿ ಭಟ್ಕಳದಲ್ಲಿ ಯುರೋಪಿನ ಕುಶಲಿಗರನ್ನು ಇಟ್ಟುಕೊಂಡು ಹಡಗುಕಟ್ಟೆಯ ಕೆಲಸವನ್ನೂ ಆರಂಭಿಸಿದ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಅಳಿವೆಗೆ ಬಂದು ಲಂಗರು ಹಾಕಿದ್ದ ಮೈಸೂರಿನ ನೌಕೆಗಳನ್ನು ಸುಟ್ಟು ಮುಳುಗಿಸಿದ. ಹನ್ನೆರಡು ವರ್ಷಗಳಲ್ಲಿ ಎರಡನೆಯ ಸಲ ಮೈಸೂರಿನ ನೌಕಾಬಲ ಬಂದರಿನೊಳಗೇ ನಾಶವಾಯಿತು. ಭೂಮಿಯ ಮೇಲೆ ಅದೇ ವರ್ಷ ಪೊಳ್ಳಿಲೂರಿನಲ್ಲಿ ಮೈಸೂರು ಸೈನ್ಯ ಕಂಪನಿಯ ತುಕಡಿಯೊಂದನ್ನು ನುಚ್ಚುನೂರು ಮಾಡಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೆಲದ ಮೇಲೆ ಗೆಲ್ಲುವವನು ನೀರಿನ ಮೇಲೆ ಸೋಲುತ್ತಿದ್ದ.

ಸಮುದ್ರದ ಬಲ ಎಂದರೇನೆಂಬುದನ್ನು ತಂದೆಮಕ್ಕಳು ಹತ್ತಿರದಿಂದ ಕಂಡದ್ದು 1782ರಲ್ಲಿ. ಫ್ರೆಂಚ್ ನೌಕಾಧಿಪತಿ ಸಫ್ರೆನ್ ಬಂಗಾಳ ಕೊಲ್ಲಿಯಲ್ಲಿ ಅದೇ ಹ್ಯೂಸ್‌ನನ್ನು ಎದುರಿಸಿ ಒಂದರ ಮೇಲೊಂದು ಕಾಳಗ ನಡೆಸುತ್ತಿದ್ದ. ಜುಲೈ ತಿಂಗಳಲ್ಲಿ ಕಡಲೂರಿನ ಬಳಿ ಹೈದರನನ್ನು ಭೇಟಿಯೂ ಆದ. ಆ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮುಂದಿನ ವರ್ಷ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದಾಗ ಯುರೋಪಿನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ಸಂಧಿ ಮಾಡಿಕೊಂಡ ಸುದ್ದಿ ಬಂತು. ಪಕ್ಕದಲ್ಲಿ ನಿಂತು ಹೋರಾಡುತ್ತಿದ್ದ ಫ್ರೆಂಚರು ಒಂದೇ ಸಲಕ್ಕೆ ಕೈಕಟ್ಟಿ ಕುಳಿತರು. ಟಿಪ್ಪು ಮುತ್ತಿಗೆ ಬಿಡದೆ 1784ರ ಜನವರಿಯಲ್ಲಿ ಕೋಟೆಯನ್ನು ಗೆದ್ದು, ಮಾರ್ಚ್ 11ರಂದು ಮಂಗಳೂರಿನಲ್ಲೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಬೇರೆಯವರ ಹಡಗನ್ನು ನಂಬಿ ಯುದ್ಧ ಮಾಡಲಾಗದೆಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ಗುರುಪುರ ನದಿಯ ಬಾಯಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿ ಎದ್ದದ್ದು ಆ ಕಾಲದಲ್ಲೇ, ಶತ್ರು ನೌಕೆಗಳು ನದಿಯೊಳಗೆ ನುಗ್ಗದಂತೆ ಕಾಯಲು.

ಅದೇ 1784ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಅದನ್ನು ಬಿಟ್ಟು ಟಿಪ್ಪುವಿನ ಕರಾವಳಿಯ ಕಥೆ ಹೇಳುವುದು ಸಾಧ್ಯವಿಲ್ಲ. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಕೆನರಾದ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು, ಇಗರ್ಜಿಗಳನ್ನು ಕೆಡವಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕರು. ಬದುಕಿದವರು ಊರಿಗೆ ಮರಳಿದ್ದು 1799ರ ನಂತರ. ಆ ಸಮುದಾಯದ ನೆನಪಿನಲ್ಲಿ ಆ ಹದಿನೈದು ವರ್ಷಗಳು ಮಾಸಿಲ್ಲ. ಇದರ ನ್ಯಾಯಾನ್ಯಾಯಗಳು ಹಾಗಿರಲಿ, ಹಡಗಿನ ದೃಷ್ಟಿಯಿಂದ ನೋಡಿದರೂ ಇದು ದೊಡ್ಡ ನಷ್ಟವೇ. ಸಮುದ್ರಕ್ಕೆ ಹೊರಡುವ ಯಾವುದೇ ರಾಜ್ಯಕ್ಕೆ ಕರಾವಳಿಯ ಜನರ ವಿಶ್ವಾಸ ಮೊದಲ ಬಂಡವಾಳ. ಬೇಸಾಯಗಾರರು, ಕುಶಲಕರ್ಮಿಗಳು, ವ್ಯಾಪಾರಸ್ಥರಿದ್ದ ಊರುಗಳನ್ನು ಖಾಲಿ ಮಾಡಿಸಿದ ದೊರೆ ಹತ್ತು ವರ್ಷಗಳ ಬಳಿಕ ಅದೇ ದಡದಲ್ಲಿ ಸಾವಿರಗಟ್ಟಲೆ ಆಳುಗಳನ್ನು ಹುಡುಕಬೇಕಾಯಿತು.

ಒಪ್ಪಂದದ ನಂತರದ ವರ್ಷಗಳಲ್ಲಿ ಟಿಪ್ಪುವಿನ ಆಸಕ್ತಿ ಯುದ್ಧನೌಕೆಗಿಂತ ವ್ಯಾಪಾರದ ಹಡಗಿನ ಕಡೆಗೆ ತಿರುಗಿತ್ತು. ಮಸ್ಕತ್‌ನಲ್ಲಿ, ಕಚ್ಛದಲ್ಲಿ ಮೈಸೂರಿನ ಕೋಠಿಗಳು ತೆರೆದವು. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. ಕುದುರೆ, ಗಂಧಕ, ಖರ್ಜೂರ ಇಲ್ಲಿಗೆ ಬರುತ್ತಿದ್ದವು. ಮುತ್ತು ತೆಗೆಯುವವರನ್ನೂ ರೇಷ್ಮೆ ಹುಳುವನ್ನೂ ಕಳಿಸಿಕೊಡುವಂತೆ ಮಸ್ಕತ್‌ನ ಪ್ರತಿನಿಧಿಗಳಿಗೆ ಅಪ್ಪಣೆ ಹೋಗಿತ್ತು. ರೇಷ್ಮೆಯ ಆಸೆ ಫಲಿಸಿ ಇಂದಿಗೂ ಹಳೇ ಮೈಸೂರಿನ ಮನೆಗಳಲ್ಲಿ ಹುಳು ಸಾಕಲಾಗುತ್ತಿದೆ. ಮುತ್ತು ಫಲಿಸಲಿಲ್ಲ.

1786ರ ಮಾರ್ಚ್‌ನಲ್ಲಿ ಕುಮಟಾ ಬಳಿಯ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಂ ಅಲಿ ಖಾನ್ ಮುಂದಾಳಾಗಿದ್ದ ಆ ರಾಯಭಾರ ಕಾನ್‌ಸ್ಟಾಂಟಿನೋಪಲ್‌ನ ತುರ್ಕಿ ಸುಲ್ತಾನನನ್ನು ಕಾಣಲು ಹೋಗುತ್ತಿತ್ತು. ಹಡಗುಗಳಲ್ಲಿ ನೂರಾರು ಜನ, ವ್ಯಾಪಾರದ ಸರಕು, ಕಾಣಿಕೆಗಳು, ಜತೆಗೆ ಆನೆಗಳೂ ಇದ್ದವು. ಟಿಪ್ಪುವಿನ ಕೋರಿಕೆಗಳಲ್ಲಿ ಒಂದು ವಿಶೇಷವಾದುದು: ಬಸ್ರಾ ಬಂದರನ್ನು ತನಗೆ ಗುತ್ತಿಗೆ ಕೊಡಬೇಕು, ಬದಲಿಗೆ ಮಂಗಳೂರಿನಲ್ಲಿ ತುರ್ಕರಿಗೆ ಅನುಕೂಲ ಮಾಡಿಕೊಡುತ್ತೇನೆ ಎಂಬುದು. ಶ್ರೀರಂಗಪಟ್ಟಣದಲ್ಲಿ ಕುಳಿತು ಪರ್ಷಿಯನ್ ಕೊಲ್ಲಿಯ ತುದಿಯಲ್ಲೊಂದು ಬಂದರನ್ನು ಬಯಸಿದ ಭಾರತೀಯ ಅರಸರು ಇನ್ನೆಷ್ಟು ಮಂದಿ ಇದ್ದಾರು? ಆದರೆ ದಾರಿ ಕ್ರೂರವಾಗಿತ್ತು. ಬೆಂಕಿ, ಬಿರುಗಾಳಿಗಳು ಹಡಗುಗಳನ್ನು ತಿಂದವು. ಮುಂದೆ ಪ್ಲೇಗು, ಚಳಿಗಳು ಜನರನ್ನು ತಿಂದವು. ನಾಲ್ಕು ವರ್ಷಗಳ ಮೇಲೆ ತಾಯ್ನಾಡಿನ ದಡ ಕಂಡವರು ಕೆಲವೇ ಮಂದಿ. ತುರ್ಕಿಯಿಂದ ಬಿರುದು ಬಾವಲಿಗಳು ಬಂದವು, ಬಂದರು ಬರಲಿಲ್ಲ.

ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳು ಹೋದದ್ದು ಫ್ರೆಂಚರ ಹಡಗಿನಲ್ಲಿ, ಪುದುಚೇರಿಯಿಂದ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಸೈನ್ಯ ಕೇಳಿದ್ದಕ್ಕೆ ಸೌಜನ್ಯದ ಉತ್ತರವಷ್ಟೇ ಸಿಕ್ಕಿತು. ಕುಶಲಕರ್ಮಿಗಳು ಮತ್ತು ಸಸ್ಯಗಳ ಬೀಜಗಳು ಸಿಕ್ಕವು. ಮರುವರ್ಷ ಫ್ರಾನ್ಸಿನಲ್ಲೇ ಕ್ರಾಂತಿ ಎದ್ದಿತು.

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ. ಟಿಪ್ಪು ಹುಟ್ಟಿದ ದೇವನಹಳ್ಳಿಯೂ ಆ ವರ್ಷವೇ ಬಿತ್ತು. ನೆಲದ ಮೇಲಿನ ಆ ಯುದ್ಧ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಮುಖ ನೀರಿನ ಮೇಲಿತ್ತು. ಮುಂಬಯಿಯ ಪಡೆ ಹಡಗಿನಲ್ಲಿ ಬಂದು ಮಲಬಾರಿನಲ್ಲಿ ಇಳಿದು ಕಣ್ಣೂರನ್ನು ವಶಪಡಿಸಿಕೊಂಡಿತು. 1791ರ ನವೆಂಬರ್‌ನಲ್ಲಿ ಫ್ರೆಂಚ್ ಫ್ರಿಗೇಟೊಂದು ಎರಡು ವ್ಯಾಪಾರಿ ಹಡಗುಗಳಿಗೆ ಕಾವಲಾಗಿ ಮಂಗಳೂರಿನತ್ತ ಬರುತ್ತಿದ್ದಾಗ, ಅವುಗಳಲ್ಲಿ ಟಿಪ್ಪುವಿಗೆ ಯುದ್ಧಸಾಮಗ್ರಿ ಇರಬಹುದೆಂದು ಬ್ರಿಟಿಷ್ ನೌಕೆ ಫೀನಿಕ್ಸ್ ತಲಶ್ಶೇರಿಯ ಹತ್ತಿರ ತಡೆಯಿತು. ಆಗ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧವೇ ಇರಲಿಲ್ಲ! ಆದರೂ ತೋಪುಗಳು ಹಾರಿದವು, ಫ್ರೆಂಚ್ ಹಡಗು ಶರಣಾಯಿತು. ಮಂಗಳೂರು ತನ್ನದೇ ಬಂದರಾಗಿದ್ದರೂ ಅದರ ಮುಂದಿನ ಸಮುದ್ರ ತನ್ನದಲ್ಲವೆಂಬ ಕಟುಸತ್ಯವನ್ನು ಟಿಪ್ಪು ಅನುಭವಿಸಿದ.

1792ರ ಶ್ರೀರಂಗಪಟ್ಟಣದ ಒಪ್ಪಂದ ಅರ್ಧ ರಾಜ್ಯವನ್ನು ಕಿತ್ತುಕೊಂಡಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಎಳೆಯ ಮಕ್ಕಳು ಒತ್ತೆ. ಮಲಬಾರಿನ ತೀರವೂ ಅದರ ತೇಗದ ಕಾಡುಗಳೂ ಕಂಪನಿಯ ಪಾಲಾದವು. ಮೈಸೂರಿಗೆ ಉಳಿದದ್ದು ಕೆನರಾ ತೀರ ಮಾತ್ರ, ಮಂಗಳೂರಿನಿಂದ ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡದವರೆಗೆ. ಇಂಥ ಸೋಲಿನ ಬಳಿಕ ಬೇರೆ ಯಾರಾದರೂ ಕೋಟೆಗಳನ್ನು ಭದ್ರಪಡಿಸಿ ಸುಮ್ಮನಾಗುತ್ತಿದ್ದರು. ಟಿಪ್ಪು ಕೋಟೆಯನ್ನೂ ಭದ್ರಪಡಿಸಿದ, ದಂಡವನ್ನೂ ಕಟ್ಟಿದ, ಮಕ್ಕಳನ್ನೂ ಬಿಡಿಸಿಕೊಂಡ. ಆಮೇಲೆ 1796ರಲ್ಲಿ ಹಡಗು ಕಟ್ಟಲು ಹೊರಟ.

ಆ ವರ್ಷ ಹೊರಟ ನಿರೂಪ ದೀರ್ಘವಾದುದು. ಪರ್ಷಿಯನ್ ಭಾಷೆಯಲ್ಲಿದ್ದ ಅದು ಮುಂದೆ ಇಂಗ್ಲಿಷರ ಕೈಗೆ ಸಿಕ್ಕಿ, ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಕಲನದ ಮೂಲಕ ಲೋಕಕ್ಕೆ ತಿಳಿಯಿತು. ಮೀರ್ ಯಮ್ ಎಂಬ ಹನ್ನೊಂದು ಮಂದಿಯ ನೌಕಾ ಮಂಡಳಿ. ಅವರ ಕೆಳಗೆ ಮೀರ್ ಬಹರ್ ಎಂಬ ಮೂವತ್ತು ನೌಕಾಧಿಪತಿಗಳು. ಸುಮಾರು 40 ಯುದ್ಧನೌಕೆಗಳು, ಅವುಗಳಲ್ಲಿ ಅರ್ಧದಷ್ಟು ದೊಡ್ಡವು, ಉಳಿದವು ಫ್ರಿಗೇಟುಗಳು. ದೊಡ್ಡವುಗಳಲ್ಲಿ ಮೊದಲ ದರ್ಜೆಯದಕ್ಕೆ 72 ತೋಪು. ಹಡಗು ಕಟ್ಟಲು ಮೂರು ನೆಲೆಗಳು: ಮಂಗಳೂರು, ಹೊನ್ನಾವರದ ಎದುರಿನ ಬಸವರಾಜದುರ್ಗದ ಸಮೀಪ, ಮತ್ತು ಸದಾಶಿವಗಡ. ಇವುಗಳಿಗೆಲ್ಲ ಟಿಪ್ಪು ಹೊಸ ಹೆಸರುಗಳನ್ನೂ ಇಟ್ಟ. ಹೆಸರು ಬದಲಿಸುವ ಚಟ ಆತನಿಗೆ ಸ್ವಲ್ಪ ಅತಿಯಾಗಿಯೇ ಇತ್ತು. ಹಡಗು ಹೇಗಿರಬೇಕೆಂದು ತೋರಿಸಲು ಮರದ ಮಾದರಿಯನ್ನೂ ಕಟ್ಟೆಗಳಿಗೆ ಕಳಿಸಿಕೊಟ್ಟ. ಘಟ್ಟದ ಕಾಡಿನಲ್ಲಿ ಮರ ಕಡಿದು ಹೊಳೆಯಲ್ಲಿ ತೇಲಿಬಿಟ್ಟು ಕಟ್ಟೆಗೆ ತರಬೇಕೆಂದು ನಿಗದಿಯಾಯಿತು. ಅಧಿಕಾರಿ, ಗೋಲಂದಾಜ, ಸಿಪಾಯಿ, ಖಲಾಸಿ ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಪಡೆ; ಅವರ ಸಂಬಳ ಸಾರಿಗೆಯ ಲೆಕ್ಕವೂ ಕಾಗದದ ಮೇಲಿತ್ತು.

ಈ ಸಂಖ್ಯೆಗಳ ತೂಕ ಅರಿಯಲು ಆ ಕಾಲದ ಲೋಕವನ್ನು ಒಮ್ಮೆ ನೋಡಬೇಕು. ಯುರೋಪಿನಲ್ಲಿ 74 ತೋಪಿನ ಒಂದು ಹಡಗಿಗೆ ಸುಮಾರು 2000 ಓಕ್ ಮರಗಳು ಬೇಕಾಗುತ್ತಿದ್ದವೆಂದು ಲೆಕ್ಕ. ಅದನ್ನು ನಡೆಸಲು ಐದಾರು ನೂರು ಜನ. ಅದೇ ದಶಕಗಳಲ್ಲಿ ಅಟ್ಲಾಂಟಿಕ್‌ನ ಆಚೆ, ಅಮೆರಿಕದ ನಂಟಕೆಟ್, ನ್ಯೂ ಬೆಡ್‌ಫರ್ಡ್‌ನಂಥ ಸಣ್ಣ ಊರುಗಳು ತಿಮಿಂಗಿಲ ಬೇಟೆಯಿಂದ ಬೆಳೆಯುತ್ತಿದ್ದವು. ತಿಮಿಂಗಿಲದ ಎಣ್ಣೆ ಯುರೋಪಿನ ದೀಪಗಳನ್ನು ಉರಿಸುತ್ತಿತ್ತು. ಅಂಥ ಊರುಗಳಲ್ಲಿ ಹಡಗು ಕಟ್ಟುವ ಬಡಗಿ, ಹಗ್ಗ ಹೊಸೆಯುವವ, ಹಾಯಿ ಹೊಲಿಯುವವ, ಪೀಪಾಯಿ ಮಾಡುವವ, ಹಣ ಹಾಕುವ ಸಾಹುಕಾರ ಎಲ್ಲ ಅಕ್ಕಪಕ್ಕದ ಬೀದಿಯವರು. ಹಡಗು ಹೊರಟರೆ ಊರೇ ಪಾಲುದಾರ, ಮುಳುಗಿದರೆ ಊರೇ ಮುಳುಗಿದಂತೆ. ಮುಂಬಯಿಯಲ್ಲಿ ವಾಡಿಯಾ ಮನೆತನ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ವಿದ್ಯೆಯನ್ನು ದಾಟಿಸಿಕೊಂಡು ಬಂದಿತ್ತು. ಮೈಸೂರಿನಲ್ಲಾದರೋ ಹಡಗು ಹುಟ್ಟಿದ್ದು ಸಮುದ್ರದಿಂದ ಎಷ್ಟೋ ದೂರದ ದ್ವೀಪದುರ್ಗದಲ್ಲಿ, ಒಂದು ಅಪ್ಪಣೆಯ ರೂಪದಲ್ಲಿ. ಅಪ್ಪಣೆಯಿಂದ ತೋಪು ಎರಕ ಹೊಯ್ಯಬಹುದು, ಕೋಟೆ ಕಟ್ಟಬಹುದು, ರಾಕೆಟ್ಟು ಮಾಡಬಹುದು. ಇವೆಲ್ಲದರಲ್ಲೂ ಟಿಪ್ಪು ಗೆದ್ದಿದ್ದ. ಸಮುದ್ರಕ್ಕೆ ಒಗ್ಗಿದ ಒಂದು ತಲೆಮಾರನ್ನು ಅಪ್ಪಣೆಯಿಂದ ಹುಟ್ಟಿಸಲಾಗದು.

ಹಾಗೆಂದು ಯೋಜನೆಯನ್ನು ಹಗಲುಗನಸೆಂದು ತಳ್ಳಿಹಾಕುವುದೂ ಸರಿಯಲ್ಲ. ಮರ ಇತ್ತು, ಕಬ್ಬಿಣ ಇತ್ತು, ನದೀಮುಖಗಳಿದ್ದವು, ಕರಾವಳಿಯ ಬಡಗಿಗಳಿದ್ದರು. ಅಷ್ಟು ಹಡಗುಗಳು ಒಟ್ಟಿಗೆ ಆಗದಿದ್ದರೂ ಇಪ್ಪತ್ತು ವರ್ಷಗಳ ಶಾಂತಿ ಸಿಕ್ಕಿದ್ದರೆ ಕೆಲವಾದರೂ ಆಗುತ್ತಿದ್ದವು. ಸಿಕ್ಕಿದ್ದು ಮೂರೇ ವರ್ಷ.

ಆ ಮೂರು ವರ್ಷಗಳನ್ನು ಮೊಟಕುಗೊಳಿಸಿದ್ದೂ ಒಂದು ಹಡಗೇ ಎಂಬುದು ಈ ಕಥೆಯ ವಿಪರ್ಯಾಸ. 1797ರ ಆರಂಭದಲ್ಲಿ ಮುರಿದ ಫ್ರೆಂಚ್ ಹಡಗೊಂದು ಮಂಗಳೂರಿಗೆ ಬಂದು ಸೇರಿತು. ಅದರ ನಾಯಕ ಫ್ರಾಂಸ್ವಾ ರಿಪೋ, ಸಮುದ್ರದ ಮೇಲೆ ಕೊಳ್ಳೆ ಹೊಡೆಯುವ ಕಸುಬಿನವನು. ತಾನು ಮಾರಿಷಸ್‌ನ ಸರಕಾರದ ಪ್ರತಿನಿಧಿಯೆಂದೂ, ಅಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆಯೆಂದೂ ನಂಬಿಸಿದ. ಟಿಪ್ಪುವಿನ ದರಬಾರಿನವರೇ ಆತನನ್ನು ನಂಬಬಾರದೆಂದು ಎಚ್ಚರಿಸಿದರು. ಟಿಪ್ಪು ಕೇಳಲಿಲ್ಲ, ಮಂಗಳೂರಿನಿಂದ ಮಾರಿಷಸ್‌ಗೆ ದೂತರನ್ನು ಗುಟ್ಟಾಗಿ ಕಳಿಸಿದ. ಅಲ್ಲಿ ಸೈನ್ಯ ಇರಲಿಲ್ಲ. ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು, ಟಿಪ್ಪುವಿನ ಪರವಾಗಿ ಹೋರಾಡಲು ಯಾರಾದರೂ ಬನ್ನಿರೆಂದು ಬಹಿರಂಗ ಪ್ರಕಟಣೆ ಹೊರಡಿಸಿ ಗುಟ್ಟನ್ನು ಬೀದಿಗೆ ತಂದ. ಏಪ್ರಿಲ್ ಕೊನೆಯಲ್ಲಿ ಫ್ರೆಂಚ್ ಫ್ರಿಗೇಟೊಂದರಿಂದ ಮಂಗಳೂರಿನಲ್ಲಿ ಇಳಿದವರು ನೂರರಷ್ಟು ಮಂದಿ. ಕಲ್ಕತ್ತೆಗೆ ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಆ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಆಗಸ್ಟ್ 1ರಂದು ನೆಲ್ಸನ್ ನೈಲ್ ನದಿಯ ಮುಖದ ಬಳಿ ಫ್ರೆಂಚ್ ನೌಕಾಬಲವನ್ನು ಸುಟ್ಟುಹಾಕಿದ. ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರವೂ ಜೆಡ್ಡಾದಿಂದ ಮುಂದೆ ಬರಲಿಲ್ಲ, ಇಂಗ್ಲಿಷರ ಕೈ ಸೇರಿತು. ಶ್ರೀರಂಗಪಟ್ಟಣದ ವಿಧಿಯನ್ನು ಕಾವೇರಿಯ ದಡದಲ್ಲಿ ನಿರ್ಧರಿಸುವ ಮೊದಲೇ ಮೆಡಿಟರೇನಿಯನ್ ಸಮುದ್ರದಲ್ಲಿ ಅರ್ಧ ನಿರ್ಧರಿಸಿಯಾಗಿತ್ತು. 1799ರ ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಒಡೆದು ಒಳನುಗ್ಗಿದ ಸೈನ್ಯದೊಡನೆ ಹೋರಾಡುತ್ತ ಟಿಪ್ಪು ಮಡಿದ. ವಯಸ್ಸು ಐವತ್ತರ ಆಚೀಚೆ.

ಕೆನರಾ ತೀರ ಕಂಪನಿಗೆ ಸೇರಿತು. ಮೀರ್ ಯಮ್‌ರ ಮಂಡಳಿ, ಮೂರು ನೆಲೆಗಳ ಕಛೇರಿ ಎಲ್ಲ ಮುಗಿದವು. 40 ಹಡಗುಗಳ ಆ ಪಡೆ ಸಮುದ್ರಕ್ಕೆ ಇಳಿಯಲೇ ಇಲ್ಲ. ಮರುವರ್ಷವೇ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಹೊಲ, ಕಾಡು, ಕಸುಬುಗಳನ್ನೆಲ್ಲ ದಾಖಲಿಸಿದ. 1806ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್ ಎಂಬಾತ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಭಾರತದಲ್ಲಿ ಆ ಹುದ್ದೆಯ ಮೊದಲಿಗ ಆತನೇ. ಸಂರಕ್ಷಣೆ ಎಂಬ ಪದಕ್ಕೆ ಮೋಸಹೋಗಬಾರದು. ಕೆಲಸವೇನೆಂದರೆ ಪಶ್ಚಿಮ ತೀರದ ತೇಗವನ್ನು ಬೇರೆಯವರ ಕೈಗೆ ಸಿಗದಂತೆ ಕಾದು ಬ್ರಿಟಿಷ್ ನೌಕಾಪಡೆಗೆ ಒದಗಿಸುವುದು. ಇಂಗ್ಲೆಂಡಿನಲ್ಲಿ ಓಕ್ ಮರಗಳ ಅಭಾವ ಉಂಟಾಗಿತ್ತು, ನೆಪೋಲಿಯನ್‌ನೊಡನೆ ಯುದ್ಧ ನಡೆದೇ ಇತ್ತು.

ಮುಂಬಯಿಯ ಕಟ್ಟೆಯಲ್ಲಿ ಲೌಜಿಯ ಮೊಮ್ಮಗ ಜಮ್‌ಸೆಟ್‌ಜಿ ಬೊಮನ್‌ಜಿ ವಾಡಿಯಾ ಆ ತೇಗದಿಂದ ಹಡಗುಗಳನ್ನು ಕಟ್ಟಿದ. 1810ರಲ್ಲಿ ನೀರಿಗಿಳಿದ ಮಿಂಡೆನ್ 74 ತೋಪಿನ ಹಡಗು, ಟಿಪ್ಪುವಿನ ನಿರೂಪದಲ್ಲಿದ್ದ ಮೊದಲ ದರ್ಜೆಗೆ ಸರಿಸಮವಾದದ್ದು. 1817ರಲ್ಲಿ ಅಲ್ಲೇ ಮುಗಿದ ಟ್ರಿಂಕೊಮಲಿ ಎಂಬ ಫ್ರಿಗೇಟು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತ ನಿಂತಿದೆ. ಇವೆರಡರ ನಡುವೆ 1813ರಲ್ಲಿ ಇನ್ನೊಂದು 74 ತೋಪಿನ ಹಡಗು ಕಟ್ಟೆ ಬಿಟ್ಟು ಹೊರಟಿತು. ಅದಕ್ಕಿಟ್ಟ ಹೆಸರು ಕಾರ್ನ್‌ವಾಲಿಸ್. 1842ರ ಆಗಸ್ಟ್ 29ರಂದು ನಾನ್‌ಜಿಂಗ್ ನಗರದ ಬಳಿ ಯಾಂಗ್ಸಿ ನದಿಯಲ್ಲಿ ನಿಂತಿದ್ದ ಆ ತೇಗದ ಹಡಗಿನ ಮೇಲೆಯೇ ಚೀನಾದ ಚಕ್ರವರ್ತಿಯ ಪ್ರತಿನಿಧಿಗಳು ಹಾಂಗ್‌ಕಾಂಗನ್ನು ಬ್ರಿಟನ್ನಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು.